ಮಾಲ್ಕಾ ಎತ್ಕೊಂಡ ಕೂಸು

ಒಂದಾನೊಂದು ಕಾಲದಲ್ಲಿ ಅಂತಲೇ ಕತೆ ಶುರು ಮಾಡ್ಬೇಕು, ಆದ್ರೆ ಈ ಕತೆ ನಡೆಯೋ ಹೊತ್ತಿಗೆ ನಾನು ತೊಟ್ಟಿಲಲ್ಲಿ ಕಾಲು ಬಡೀತಾ ಇದ್ನಂತೆ ಕಣೇ ಪುಟ್ಟಿ, ಅಷ್ಟೇ ಹಿಂದಿನ ಮಾತು. ಇತ್ಲಾಗೆ ಸರ್ಕೋ, ಕಾಲು ಕಂಬಳಿ ಒಳಗೆ ಹಾಕು. ಹೂಂಗುಟ್ತಾ ಇರ್ಬೇಕು, ಹೂಂ ಅನ್ನೋದು ನಿಂತ್ರೆ ನಿದ್ದೆ ಬಂತು ಅಂದ್ಕೊಂಡು ನಾನೂ ನಿಲ್ಲಿಸ್ಬಿಡ್ತೀನಿ.

ಏಳು ಸಮುದ್ರದ ಆಚೆ ಪೋಲೆಂಡ್ ಅಂತ ಒಂದು ದೇಶ ಇತ್ತಂತೆ. ಅಲ್ಲಿ ವರ್ಷದಲ್ಲಿ ಅರ್ಧ ಪಾಲು ಹಿಮ ಬೀಳುತ್ತೆ, ಬಾವಿ ನೀರೇ ಕಲ್ಲಾಗುತ್ತೆ. ಆ ದೇಶದಲ್ಲಿ ಒಂದು ಸಣ್ಣ ಪೇಟೆ, ಅದರ ಹೆಸರು ನನ್ನ ನಾಲಿಗೆಗೆ ಹೊರಳಲ್ಲ ಬಿಡು. ಆ ಪೇಟೇಲಿ ಏಲ್ಯಾ ಅಂತ ಒಬ್ಬ, ಕಿಟಕಿಗೆ ಗಾಜು ಹಾಕೋನು. ಬೆನ್ನಿಗೆ ಗಾಜಿನ ಹಲಗೆ ಕಟ್ಕೊಂಡು ಹಳ್ಳಿಹಳ್ಳಿ ತಿರುಗ್ತಿದ್ದನಂತೆ. ಅವನಿಗೆ ಒಬ್ಬಳೇ ಮಗಳು, ಮಾಲ್ಕಾ ಅಂತ. ಮಾಲ್ಕಾ ಅಂದ್ರೆ ಅವರ ಮಾತಲ್ಲಿ ರಾಣಿ. ಹೆಸರು ರಾಣಿ, ಹಾಕ್ಕೊಳ್ಳೋದು ಮಾತ್ರ ಅಮ್ಮನ ಹಳೇ ಲಂಗ ಕತ್ತರಿಸಿ ಹೊಲಿದಿದ್ದು. ವಯಸ್ಸು ಹತ್ತೋ ಏನೋ, ನಿನಗಿಂತ ಒಂಚೂರು ದೊಡ್ಡೋಳು.

ಅವರು ಯಹೂದಿ ಜನ. ಅವರ ದೇವರಿಗೆ ಮೂರ್ತಿ ಇಲ್ಲ, ದೇವರ ಹೆಸರನ್ನ ಬಾಯಿಬಿಟ್ಟು ಹೇಳೋದೂ ಇಲ್ಲ. ಶುಕ್ರವಾರ ಹೊತ್ತು ಮುಳುಗೋಕೆ ಮುಂಚೆ ಮನೆ ಹೆಂಗಸು ದೀಪ ಹಚ್ಚಿ, ಎರಡು ಕೈಲೂ ಕಣ್ಣು ಮುಚ್ಕೊಂಡು ಮಂತ್ರ ಹೇಳ್ಕೊತಾಳೆ. ನಾವೂ ಶುಕ್ರವಾರ ದೀಪ ಹಚ್ತೀವಲ್ಲ, ಹಂಗೇ ಅಂದ್ಕೋ.

ಆಮೇಲೆ ಏನಾಯ್ತು ಅಂದ್ರೆ, ಪಕ್ಕದ ಜರ್ಮನ್ ದೇಶದೋರು ದಂಡು ಕಟ್ಕೊಂಡು ಬಂದ್ರಂತೆ. ರಾಜ್ಯ ಗೆಲ್ಲೋಕೆ ಬಂದೋರು ಗೆದ್ಮೇಲೆ ಸುಮ್ನಾಗ್ಬೇಕಲ್ವಾ, ಇವರು ಆಗ್ಲಿಲ್ಲ. ಯಹೂದಿ ಅನ್ನೋ ಜಾತಿ ಭೂಮಿ ಮೇಲೇ ಇರಬಾರದು, ಮುದುಕರು ಬೇಡ, ಕೂಸೂ ಬೇಡ ಅಂತ ತೀರ್ಮಾನ ಮಾಡ್ಕೊಂಡು ಬಂದಿದ್ರಂತೆ. ಯಾಕಜ್ಜಿ ಅಂತೀಯಾ? ನಾನೂ ಕೇಳಿದ್ದೆ ಪುಟ್ಟಿ. ತಲೆ ನರೀತು, ಇನ್ನೂ ಯಾರೂ ನನಗೆ ಒಪ್ಪೋ ಅಂಥ ಉತ್ತರ ಕೊಟ್ಟಿಲ್ಲ.

ಮೊದಲು ತೋಳಿಗೆ ಗುರುತಿನ ಬಟ್ಟೆ ಕಟ್ಕೊಳ್ಳಿ ಅಂದ್ರಂತೆ, ಕಟ್ಕೊಂಡ್ರು. ಆಮೇಲೆ ಎಲ್ಲರೂ ಈ ನಾಕು ಬೀದಿಯೊಳಗೇ ಇರಿ ಅಂತ ಸುತ್ತ ಗೋಡೆ ಎಬ್ಬಿಸಿದ್ರು, ಒಂದೊಂದು ಕೋಣೇಲಿ ಮೂರು ಮೂರು ಸಂಸಾರ ತುಂಬಿದ್ರು. ಆಮೇಲೆ ಕೆಲಸ ಇದೆ ಬನ್ನಿ ಅಂತ ಗಂಡಸರನ್ನೆಲ್ಲ ಕರ್ಕೊಂಡು ಹೋದ್ರಂತೆ, ಏಲ್ಯಾನೂ ಹೋದ, ಹೋದೋರು ಒಬ್ಬರೂ ವಾಪಸ್ ಬರ್ಲಿಲ್ಲ. ಆ ಚಳಿಗಾಲದಲ್ಲೇ ಮಾಲ್ಕಾನ ಅಮ್ಮಂಗೆ ಜ್ವರ ಬಂತು, ಮೈಮೇಲೆಲ್ಲ ಕೆಂಪು ಗಂಧೆ ಎದ್ದು, ಔಷಧಿ ಇಲ್ಲದೆ ಅವಳೂ ಹೋದ್ಲಂತೆ. ಅಲ್ಲಿಗೆ ಆ ಮಗು ತಬ್ಬಲಿ ಆಯ್ತು.

ಅದೇ ಕೋಣೇಲಿ ಇದ್ದ ಸೋಸ್ಯಾ ಅನ್ನೋ ಹೆಂಗಸು ಮಾಲ್ಕಾನ ಹತ್ರ ಕರ್ಕೊಂಡ್ಲಂತೆ. ಸೋಸ್ಯಾನ ಗಂಡ ಹೇರ್ಷಲ್ ಯುದ್ಧ ಶುರುವಾದಾಗಲೇ ರಷ್ಯಾದ ಕಡೆ ಹೋದೋನು, ಸುದ್ದಿ ಇರ್ಲಿಲ್ಲ. ಅವಳಿಗೆ ಒಂದು ಹೆಣ್ಣುಕೂಸು, ಪೆರ್ಲಾ ಅಂತ. ಪೆರ್ಲಾ ಅಂದ್ರೆ ಮುತ್ತು. ಮುಸುಕಿನ ಜೋಳದ ರೇಷ್ಮೆ ಥರ ಕೂದಲು, ಆಗತಾನೇ ಓಡಾಡೋಕೆ ಕಲಿತಿತ್ತು. ಹೊರಗೆ ಬೂಟಿನ ಸದ್ದು ಕೇಳಿದಾಗೆಲ್ಲ ಸೋಸ್ಯಾ ಆ ಕೂಸಿನ ಬಾಯಿ ಮುಚ್ಚಿ ಹಿಡೀತಿದ್ಲು. ಹಿಡಿದು ಹಿಡಿದು ಆ ಕೂಸು ಅಳೋದನ್ನೇ ಬಿಟ್ಬಿಟ್ಟಿತ್ತಂತೆ. ಬಿದ್ರೆ ಅಳಲ್ಲ, ಹಸಿದ್ರೆ ಅಳಲ್ಲ, ಕಣ್ಣರಳಿಸಿ ಸುಮ್ನೆ ನೋಡ್ತಿತ್ತಂತೆ.

ಹಿಂಗಿರೋವಾಗ ಒಂದು ಬೆಳಗ್ಗೆ ಬೀದಿ ತುಂಬ ಸೀಟಿ ಊದಿದ್ರು, ಎಲ್ಲರೂ ಸಂತೆ ಮೈದಾನಕ್ಕೆ ಬನ್ನಿ ಅಂತ ಕೂಗಿದ್ರು. ಸೋಸ್ಯಾ ಮಾಲ್ಕಾನ ಕೈ ಹಿಡಿದು ಬಟ್ಟೆ ಒಗೆಯೋ ಕಟ್ಟೆ ಹಿಂದಕ್ಕೆ ಎಳ್ಕೊಂಡು ಹೋದ್ಲಂತೆ. ಅಲ್ಲಿ ಕೊಳಚೆ ನೀರು ಗೋಡೆ ಕೆಳಗಿಂದ ಆಚೆ ಹೋಗೋಕೆ ಒಂದು ತೂಬು. ನೀನು ತೂರ್ತೀಯ ಇದರಲ್ಲಿ, ನನ್ನ ಮೈ ಹಿಡಿಸಲ್ಲ, ಪೆರ್ಲಾನ ಕರ್ಕೊಂಡು ಹೋಗು ಅಂದ್ಲಂತೆ ಸೋಸ್ಯಾ. ಇವತ್ತಿಂದ ಇವಳು ನಿನ್ನ ತಂಗಿ, ಯಾರು ಕೇಳಿದ್ರೂ ತಂಗಿ ಅನ್ನು, ತೋಳಿನ ಬಟ್ಟೆ ಕಿತ್ತು ಬಿಸಾಕು, ಹಿಂದಕ್ಕೆ ಮಾತ್ರ ನೋಡ್ಬೇಡ. ನೀವು ಅಂತ ಮಾಲ್ಕಾ ಬಾಯಿ ತೆಗೆಯೋ ಅಷ್ಟರಲ್ಲಿ ಸೋಸ್ಯಾ ಕೂಸಿನ ಎರಡೂ ಪಾದಕ್ಕೆ ಮುತ್ತು ಕೊಟ್ಟು, ಅದನ್ನ ತೂಬಿನೊಳಗೆ ತಳ್ಳಿ, ಎದ್ದು ಮೈದಾನದ ಕಡೆ ಹೊರಟೇ ಹೋದ್ಲಂತೆ. ಇಲ್ಲೇ ನಿಂತ್ರೆ ಹುಡುಕಿಕೊಂಡು ಬರ್ತಾರೆ ಅಂತ.

ಮಾಲ್ಕಾ ಮೊಣಕೈ ಊರಿಕೊಂಡು, ಕೂಸನ್ನ ಮುಂದೆ ತಳ್ಕೊಂಡು ತೆವಳಿದ್ಲಂತೆ. ಮೂಗಿಗೆ ಕೊಳಚೆ, ಕಣ್ಣಿಗೆ ಕತ್ತಲೆ. ಆಚೆ ಬಂದಾಗ ಎದುರಿಗೆ ಆಳೆತ್ತರ ಬೆಳೆದ ರೈ ಪೈರು, ಅವರಿಗೆ ರೊಟ್ಟಿ ಆಗೋ ಧಾನ್ಯ ಅದು. ಅದರೊಳಗೆ ನುಗ್ಗಿ ಓಡಿದ್ಲು. ಆಗ ಹಿಂದೆ ಪೇಟೆ ಕಡೆಯಿಂದ ಬಂದೂಕಿನ ಸದ್ದು ಶುರುವಾಯ್ತಂತೆ. ಒಂದಲ್ಲ, ಎರಡಲ್ಲ, ಕಡಲೆ ಹುರಿದಂಗೆ ಒಂದೇ ಸಮ. ಮಾಲ್ಕಾ ಹಿಂದಕ್ಕೆ ನೋಡ್ಲಿಲ್ಲ. ನೋಡದೇನೇ ಗೊತ್ತಾಯ್ತು ಅವಳಿಗೆ.

ಪೆರ್ಲಾ ಬಲು ಭಾರ. ಎತ್ಕೊಂಡ್ರೆ ಓಡೋಕಾಗಲ್ಲ, ಇಳಿಸಿದ್ರೆ ಅದು ನಡೆಯಲ್ಲ. ಸೊಂಟ ಬಿದ್ದುಹೋಗೋ ಹಂಗಾಯ್ತು. ಆಗ ಮಾಲ್ಕಾಗೆ ಒಂದು ಯೋಚನೆ ಬಂತಂತೆ, ಇವಳೇನು ನನ್ನ ಸ್ವಂತ ತಂಗಿಯಾ, ಇವಳಿಲ್ಲದಿದ್ರೆ ನಾನೊಬ್ಳು ಹೆಂಗಾದ್ರೂ ಬದುಕ್ಕೋತೀನಿ ಅಂತ. ಬೈಕೋಬೇಡ ಅವಳನ್ನ. ಹೆದರಿಕೆ ಅನ್ನೋದು ಎಂಥೋರ ಬಾಯಲ್ಲೂ ಎಂಥೆಂಥದ್ದೋ ಮಾತಾಡಿಸುತ್ತೆ. ಕೂಸನ್ನ ಪೈರಿನ ನಡುವೆ ಕೂರಿಸಿ ಎದ್ದು ನಡೆದೇಬಿಟ್ಲಂತೆ. ಅಳುತ್ತೆ, ಅತ್ರೆ ತಿರುಗಿ ನೋಡಬಾರದು ಅಂತ ಹಲ್ಲು ಕಚ್ಕೊಂಡು ನಡೆದ್ಲು. ಕೂಸು ಅಳ್ಲಿಲ್ಲ. ಇನ್ನೊಂದಷ್ಟು ದೂರ ಹೋದ್ಲು, ಆಗ್ಲೂ ಅಳ್ಲಿಲ್ಲ. ಮಾಲ್ಕಾಗೆ ಮುಂದೆ ಕಾಲೇ ಏಳ್ಲಿಲ್ಲ. ವಾಪಸ್ ಓಡಿ ಬಂದು ನೋಡ್ತಾಳೆ, ಪೆರ್ಲಾ ಎಲ್ಲಿ ಕೂರಿಸಿದ್ಲೋ ಅಲ್ಲೇ ಕೂತು, ತನ್ನ ಕೈಲಿ ತಾನೇ ಬಾಯಿ ಮುಚ್ಕೊಂಡಿತ್ತಂತೆ.

ಅವತ್ತಿಂದ ಅದನ್ನ ಕೆಳಗೆ ಬಿಡ್ಲಿಲ್ಲ ಕಣೇ ಅವಳು. ತಲೆ ಮೇಲಿನ ಬಟ್ಟೆ ಬಿಚ್ಚಿ ಬೆನ್ನಿಗೆ ಕಟ್ಕೊಂಡು ನಡೆದ್ಲಂತೆ.

ನಡೆದು ನಡೆದು ಒಂದು ಗಿರಣಿ ಮನೆ ಬಾಗಿಲಿಗೆ ಬಂದ್ರು. ಆ ಮನೆ ಕಿಟಕಿಗೆಲ್ಲ ಗಾಜು ಹಾಕಿದ್ದು ಮಾಲ್ಕಾನ ಅಪ್ಪನೇ. ಗಿರಣಿಯವನ ಹೆಂಡತಿ ಇವಳನ್ನ ನೋಡಿದ್ದೇ ಗುರುತು ಹಿಡಿದು ಬಿಳಿಚಿಕೊಂಡ್ಲಂತೆ. ಒಳ್ಳೇ ಹೆಂಗಸೇ, ಕೆಟ್ಟವಳಲ್ಲ. ಆ ಕಾಲದಲ್ಲಿ ಯಹೂದಿ ಮಕ್ಕಳಿಗೆ ಒಂದು ಲೋಟ ನೀರು ಕೊಟ್ಟಿದ್ದು ಗೊತ್ತಾದ್ರೂ ಇಡೀ ಸಂಸಾರಾನ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಿದ್ರು. ಅವಳು ಅಂದ್ಲಂತೆ, ನಿನ್ನ ಕಪ್ಪು ಕೂದಲು, ಕಪ್ಪು ಕಣ್ಣು ಇಡೀ ಸೀಮೆಗೇ ಗೊತ್ತು ತಾಯಿ, ನಿನ್ನ ಇಟ್ಕೊಳ್ಳೋಕಾಗಲ್ಲ, ಕೂಸನ್ನ ಬೇಕಾದ್ರೆ ಕೊಡು, ನನ್ನ ತಂಗಿ ಮಗಳು ಅಂತೀನಿ. ಮಾಲ್ಕಾ ಯೋಚನೆ ಮಾಡಿದ್ಲು. ಪೆರ್ಲಾ ಆದ್ರೂ ಬದುಕುತ್ತಲ್ಲ ಅಂತ ಬೆನ್ನಿಂದ ಬಿಚ್ಚಿ ಕೊಟ್ಲಂತೆ. ಆ ಹೆಂಗಸು ಕೂಸಿನ ಕೈಗೆ ಒಂದು ಬನ್ನು ಕೊಟ್ಲು. ಕೂಸಿಗೆ ಎಷ್ಟು ದಿನದ ಹಸಿವೋ, ಮುಖ ಅರಳಿಸಿ ಬ್ರೋಯ್ಟ್ ಅಂದ್ಬಿಡ್ತಂತೆ. ಬ್ರೋಯ್ಟ್ ಅಂದ್ರೆ ಯಹೂದಿಗಳ ಮನೆಮಾತಲ್ಲಿ ರೊಟ್ಟಿ. ಪೋಲೆಂಡಿನ ಬೇರೆ ಜನ ಹಂಗನ್ನಲ್ಲ, ಹ್ಲೆಬ್ ಅಂತಾರೆ.

ಗಿರಣಿಯವಳು ಓಡಿಹೋಗಿ ಕಿಟಕಿ ಆಚೆ ಇಣುಕಿದ್ಲಂತೆ. ಗಿರಾಕಿಗಳ ಎದುರಿಗೆ ಇದೊಂದು ಮಾತು ಆಡಿದ್ರೆ ನನ್ನ ಮೂರು ಮಕ್ಕಳೂ ಹೋದ್ವು, ಕರ್ಕೊಂಡು ಹೋಗು ತಾಯಿ, ಕರ್ಕೊಂಡು ಹೋಗು ಅಂತ ಕೂಸನ್ನ ವಾಪಸ್ ಕೊಟ್ಟು, ಇನ್ನೆರಡು ಬನ್ನು ಮಡಿಲಿಗೆ ಹಾಕಿ ಬಾಗಿಲು ಹಾಕ್ಕೊಂಡ್ಲಂತೆ. ದಾರಿಯುದ್ದಕ್ಕೂ ಮಾಲ್ಕಾ ಪೆರ್ಲಾಗೆ ಹೇಳ್ಕೊಟ್ಲು. ಹ್ಲೆಬ್ ಅನ್ನು. ಹ್ಲೆಬ್. ರೊಟ್ಟಿ ಕೇಳೋಕೂ ಪ್ರಾಣ ಕೈಲಿ ಹಿಡ್ಕೋಬೇಕಾದ ಕಾಲ ಅದು.

ಎರಡನೇದು ಒಬ್ಬ ಒಕ್ಕಲಿನವನ ಮನೆ. ಅವನು ನಗುನಗ್ತಾ ಒಳಗೆ ಕರೆದನಂತೆ. ದನ ಕಾಯೋಕೆ ನೀನು ಬೇಕು, ಕೂಸು ಎಲ್ಲಾದ್ರೂ ಇರ್ಲಿ, ಹುಲ್ಲಿನ ಅಟ್ಟದ ಮೇಲೆ ಹೋಗಿ ಮಲಗಿ ಅಂತ ಬಿಸಿಬಿಸಿ ಹಾಲೂ ಕೊಟ್ಟನಂತೆ. ಅಷ್ಟು ದಿನದ ಮೇಲೆ ಒಬ್ಬರು ನಕ್ಕಿದ್ದು ನೋಡಿ ಮಾಲ್ಕಾಗೆ ಕಣ್ಣಲ್ಲಿ ನೀರು ಬಂತು. ಅಟ್ಟ ಹತ್ತಿ ಹುಲ್ಲಲ್ಲಿ ಹೂತ್ಕೊಂಡ್ರು. ಸ್ವಲ್ಪ ಹೊತ್ತಾಯ್ತು. ಕೆಳಗೆ ಅವನು ಹೆಂಡತಿ ಹತ್ರ ಮಾತಾಡೋದು ಹಲಗೆ ಸಂದಿಯಿಂದ ಕೇಳಿಸ್ತಂತೆ. ಒಂದು ಯಹೂದಿ ತಲೆಗೆ ಒಂದು ಚೀಲ ಉಪ್ಪು ಕೊಡ್ತಾರೆ ಠಾಣೇಲಿ, ಕೂಸಿಗೂ ಕೊಡ್ತಾರಾ ಅಥವಾ ಅರ್ಧ ಚೀಲಾನಾ ಅಂತ ಕೇಳ್ಕೊಂಡು ಬರ್ತೀನಿ, ನೀನು ಏಣಿ ತೆಗೆದಿಡು ಅಂದನಂತೆ ಅವನು. ದನದ ಬೆಲೆ ಮಾತಾಡೋ ಹಂಗೇ, ಅದೇ ದನಿ. ಮಾಲ್ಕಾ ಮೆತ್ತಗೆ ಕೂಸನ್ನ ಎತ್ಕೊಂಡ್ಲು. ಏಣಿ ತೆಗೆದ ಸದ್ದೂ ಆಯ್ತು. ಅಟ್ಟದ ಹಿಂಭಾಗದಲ್ಲಿ ಹುಲ್ಲು ಎಸೆಯೋ ಕಿಂಡಿ, ಕೆಳಗೆ ತಿಪ್ಪೆ. ಕೂಸನ್ನ ಎದೆಗೆ ಅವಚಿಕೊಂಡು ಕಣ್ಣು ಮುಚ್ಚಿ ಹಾರಿದ್ಲಂತೆ. ಪಾದ ಉಳುಕ್ತು. ಕುಂಟ್ಕೊಂಡೇ ಕಾಡಿನ ಅಂಚು ಹಿಡಿದು ಓಡಿದ್ಲು. ಹಿಂದೆ ನಾಯಿ ಬೊಗಳೋದು ಎಷ್ಟೋ ಹೊತ್ತು ಕೇಳಿಸ್ತಿತ್ತಂತೆ.

ನಿದ್ದೆ ಬಂತಾ? ಇಲ್ವಾ? ಸರಿ, ಕೈ ಹಿಡ್ಕೋ.

ಆಮೇಲೆ ಕಾಡಲ್ಲಿ ಅಣಬೆ ತಿಂದು, ಮರದ ಪೊಟರೇಲಿ ಮಲಗಿ, ಚಳಿ ಶುರುವಾಗೋ ಹೊತ್ತಿಗೆ ಒಂದು ಜೌಗು ನೆಲದ ಅಂಚಿಗೆ ಬಂದ್ರಂತೆ. ಕಣ್ಣು ಹಾಯೋವರೆಗೂ ಕೆಸರು, ಜೊಂಡು. ಅಲ್ಲೊಂದು ಒಂಟಿ ಮನೆ, ಹುಲ್ಲಿನ ಚಾವಣಿ. ಅಲ್ಲಿ ಪೆಲಾಗ್ಯ ಅನ್ನೋ ಮುದುಕಿ ಒಬ್ಳೇ ಇದ್ಲು, ಜೊಂಡಲ್ಲಿ ಚಾಪೆ, ಬುಟ್ಟಿ ಹೆಣೆಯೋಳು. ಮಾಲ್ಕಾಗೆ ಇನ್ನು ಸುಳ್ಳು ಹೇಳೋಕೂ ತ್ರಾಣ ಇರ್ಲಿಲ್ಲ. ನಾವು ಯಹೂದಿಗಳು, ಇವಳು ನನ್ನ ತಂಗಿ, ಇಬ್ಬರನ್ನೂ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ ಇಲ್ದಿದ್ರೆ ಹೋಗ್ತೀವಿ ಅಂತ ಹೊಸಿಲಾಚೆ ನಿಂತು ಹೇಳಿದ್ಲಂತೆ. ಮುದುಕಿ ಮೇಲಿಂದ ಕೆಳಗೆ ನೋಡಿದ್ಲು. ನಿಮ್ಮ ಜನ ಕಂಡ್ರೆ ನನಗಾಗಲ್ಲ, ನಮ್ಮಮ್ಮನಿಗೂ ಆಗ್ತಿರ್ಲಿಲ್ಲ ಅಂದ್ಲಂತೆ. ಮಾಲ್ಕಾ ತಿರುಗಿದ್ಲು. ಎಲ್ಲಿಗೆ ಹೋಗ್ತೀಯ, ಗಾಳಿ ನುಗ್ತಾ ಇದೆ ಬಾಗಿಲು ಹಾಕು ಅಂತು ಮುದುಕಿ. ಮಾಲ್ಕಾ ಹೊರಗಿಂದ ಬಾಗಿಲು ಎಳ್ಕೊಂಡ್ಲು. ಒಳಗಡೆಯಿಂದ ಹಾಕು ಅಂದಿದ್ದು, ಅಷ್ಟೂ ಗೊತ್ತಾಗಲ್ವಾ ಅಂತ ಗದರಿಸ್ತಂತೆ.

ಆ ಮನೇಲಿ ನೆಲದ ಹಲಗೆ ಕೆಳಗೆ ಆಲೂಗಡ್ಡೆ ಇಡೋ ಗುಂಡಿ ಇತ್ತಂತೆ. ಹೊರಗಿಂದಾನೇ ಚೀಲ ಉರುಳಿಸೋಕೆ ಅಂತ ಅದಕ್ಕೆ ಜೌಗಿನ ಕಡೆ ಒಂದು ಸಣ್ಣ ಬಾಯಿ, ಹಲಗೆ ಮುಚ್ಚಿ ಮೇಲೆ ಹುಲ್ಲು ಹಾಕಿದ್ದು. ಹಗಲೆಲ್ಲ ಮಕ್ಕಳು ಆ ಗುಂಡೀಲಿ, ಸಂಜೆ ಆದ್ರೆ ಮೇಲೆ ಬಂದು ಒಲೆ ಹತ್ರ. ಮುದುಕಿ ಬಾಯಿ ಬಲು ಕೆಟ್ಟದ್ದು. ತಿನ್ನೋದು ಜಾಸ್ತಿ ಅಂತ ಬಯ್ಯೋಳು, ಕೆಮ್ಮಿದ್ರೆ ಬಯ್ಯೋಳು. ಬಯ್ಕೊಂಡೇ ತನ್ನ ತಟ್ಟೇದು ಇವರ ತಟ್ಟೆಗೆ ಹಾಕೋಳು. ಪೆರ್ಲಾನ ಪಾದ ಮಂಜಾಗಿದ್ರೆ ಎರಡೂ ಪಾದ ತನ್ನ ಕಂಕುಳಲ್ಲಿ ಇಟ್ಕೊಂಡು ಬಿಸಿ ಮಾಡೋಳು. ಕ್ರೈಸ್ತರ ಹುಡುಗಿ ಅನ್ನಿಸ್ಲಿ ಅಂತ ಮಾಲ್ಕಾಗೆ ಮಾರಿಶಾ ಅಂತ ಹೆಸರಿಟ್ಟು, ಶಿಲುಬೆ ಗುರುತು ಹಾಕೋದು, ಅವರ ಪ್ರಾರ್ಥನೆ ಎಲ್ಲ ಬಾಯಿಪಾಠ ಮಾಡಿಸಿದ್ಲಂತೆ. ಮಾಲ್ಕಾ ಏನೋ ಕೆಲಸ ಮಾಡ್ತಿರೋವಾಗ ಹಿಂದಿಂದ ಬಂದು ಮೆತ್ತಗೆ ಮಾಲ್ಕಾ ಅನ್ನೋಳು. ತಿರುಗಿದ್ರೆ ಬೆನ್ನಿಗೆ ಸೌಟಲ್ಲಿ ಒಂದೇಟು. ಇವತ್ತು ನನ್ನ ಸೌಟು, ನಾಳೆ ಅವರ ಗುಂಡು ಅನ್ನೋಳಂತೆ. ಮಾಲ್ಕಾ ತನ್ನ ಹೆಸರಿಗೇ ಕಿವುಡಿ ಆಗೋದು ಕಲಿತ್ಲು.

ಎಷ್ಟೋ ಸಲ ದಂಡಿನೋರು ಕಾಡಲ್ಲಿ ಅಡಗಿರೋ ಬಂಡಾಯದವರನ್ನ ಹುಡುಕ್ಕೊಂಡು ಬಂದು ಆ ಮನೆ ತಡಕೋರು. ತಲೆ ಮೇಲೇ ಬೂಟು ಓಡಾಡೋದು, ಹಲಗೆ ಸಂದಿಯಿಂದ ಮಣ್ಣು ಕಣ್ಣಿಗೆ ಉದುರೋದು. ಮಾಲ್ಕಾಗೆ ಉಸಿರಾಡೋಕೂ ಭಯ. ಕತ್ತಲಲ್ಲಿ ಪೆರ್ಲಾ ಮಾತ್ರ ಒಂದು ಕೈಲಿ ತನ್ನ ಬಾಯಿ ಮುಚ್ಕೊಂಡು, ಇನ್ನೊಂದು ಕೈಲಿ ಮಾಲ್ಕಾನ ಬಾಯಿ ಮುಚ್ಚೋದಂತೆ.

ಹಂಗೆ ಹಿಂಗೆ ಚಳಿಗಾಲ ಕಳೀತು, ಹಿಮ ಕರಗಿ ಗಿಡ ಚಿಗುರಿದ್ವು. ಒಂದು ಸಂಜೆ ಮುದುಕಿ ದೇವರ ಪಟದ ಮುಂದೆ ದೀಪ ಹಚ್ಚಿ ಒಲೆ ಕಡೆ ಹೋದ್ಲು. ಗುಂಡಿಯೊಳಗೆ ಇದ್ದೂ ಇದ್ದೂ ಮಾಲ್ಕಾಗೆ ವಾರ ಯಾವುದು ಅಂತ ತಿಳಿದಿರ್ಲಿಲ್ಲ, ಆದ್ರೆ ದೀಪ ನೋಡಿದ್ದೇ ಅವಳ ಅಮ್ಮ ನೆನಪಾದ್ಲು. ಎರಡು ಕೈಯೂ ಅವಷ್ಟಕ್ಕವೇ ಮೇಲೆದ್ದು ಕಣ್ಣು ಮುಚ್ಚಿದ್ವಂತೆ, ತುಟಿ ಅಲ್ಲಾಡ್ತಂತೆ. ಅದೇ ಗಳಿಗೇಲಿ ಊರಿನ ಹೆಂಗಸೊಬ್ಬಳು ಜರಡಿ ಕೇಳೋಕೆ ಅಂತ ಬಾಗಿಲು ತಳ್ಕೊಂಡು ಒಳಗೆ ಬಂದ್ಲು.

ಯಾರಿದು ಅಂದ್ಲಂತೆ ಆ ಹೆಂಗಸು. ನನ್ನ ತಂಗಿ ಮೊಮ್ಮಗಳು, ಮಾರಿಶಾ, ತಾಯಿ ಸತ್ತೋದ್ಲು ಅಂತ ಕಳಿಸಿದ್ದಾರೆ ಅಂದ್ಲು ಪೆಲಾಗ್ಯ. ಕಣ್ಣಿಗೇನಾಯ್ತು ಮಗೂಗೆ, ಮುಚ್ಕೊಂಡಿದ್ದಾಳೆ ಅಂದ್ಲು ಬಂದೋಳು. ಒಲೆ ಹೊಗೆ ಅಂತು ಮುದುಕಿ. ಒಲೇಲಿ ಹೊಗೆ ಇರ್ಲಿಲ್ಲ. ಆ ಹೆಂಗಸು ಒಲೆ ನೋಡಿದ್ಲು, ದೀಪ ನೋಡಿದ್ಲು, ಜರಡಿ ಇಸ್ಕೊಂಡು ಹೋದ್ಲು. ಪೆಲಾಗ್ಯ ಬಯ್ಲಿಲ್ಲ. ಕತ್ತಲಲ್ಲಿ ಜೌಗು ದಾಟೋಕಾಗಲ್ಲ ಅಂತ ರಾತ್ರಿಯೆಲ್ಲ ಕಿಟಕಿ ಹತ್ರಾನೇ ಕೂತಿದ್ಲಂತೆ.

ಬೆಳಗಾಯ್ತು. ಊರ ಕಡೆ ದಾರೀಲಿ ಗಾಡಿ ಸದ್ದು. ಪೆಲಾಗ್ಯ ಕಿಟಕೀಲಿ ನೋಡಿದ್ಲು, ದಂಡಿನೋರು ನೇರ ಇಲ್ಲಿಗೇ ಬರ್ತಿದಾರೆ. ಈ ಸಲ ಹಲಗೆ ಕಿತ್ತು ನೋಡದೆ ಬಿಡಲ್ಲ, ಗುಂಡಿ ಉಪಯೋಗಕ್ಕೆ ಬರಲ್ಲ, ಜೌಗಿನ ಕಡೆ ಓಡಿದ್ರೂ ಬಯಲು, ಕಾಣಿಸ್ತಾರೆ. ಏನು ಮಾಡಿದ್ಲು ಗೊತ್ತಾ ಮುದುಕಿ? ಹಿತ್ತಿಲಿಗೆ ಓಡಿ ಬರಿಗೈಲಿ ತುರಿಕೆ ಸೊಪ್ಪು ಕಿತ್ಕೊಂಡು ಬಂದ್ಲು. ನಮ್ಮ ಹೊಲದ ಬದೂಲಿ ಇರುತ್ತಲ್ಲ, ಮುಟ್ಟಿದ್ರೆ ಬೆಂಕಿ ಇಟ್ಟಂಗೆ ಉರಿದು ಗಂಧೆ ಏಳುತ್ತಲ್ಲ, ಅದೇ. ಬಟ್ಟೆ ಬಿಚ್ಚಿ ಅಂದ್ಲು. ಮುಖ, ಕುತ್ತಿಗೆ, ಎದೆ, ಹೊಟ್ಟೆ ಎಲ್ಲಾ ಕಡೆ ಆ ಸೊಪ್ಪಲ್ಲಿ ಉಜ್ಜಿದ್ಲಂತೆ. ಮಾಲ್ಕಾ ತುಟಿ ಕಚ್ಚಿದ್ದಕ್ಕೆ ರಕ್ತ ಬಂತು. ಕೂಸಿಗೆ ಉಜ್ಜೋವಾಗ ಮುದುಕಿ ಕಣ್ಣಲ್ಲೇ ನೀರು ಸುರೀತಿತ್ತಂತೆ, ತಡ್ಕೋ ನನ್ನ ಬಂಗಾರ, ತಡ್ಕೋ ಅಂತ. ಪೆರ್ಲಾ ಅಳ್ಲಿಲ್ಲ. ಅಜ್ಜಿ ಯಾಕೆ ಹಿಂಗೆ ಮಾಡ್ತಿದಾಳೆ ಅಂತ ನೋಡ್ತಾ ಇತ್ತಷ್ಟೇ. ಇಬ್ಬರ ಮೈಮೇಲೂ ಕೆಂಪು ಗಂಧೆ ದದ್ದರಿಸಿ ಎದ್ವು, ಮಾಲ್ಕಾನ ಅಮ್ಮಂಗೆ ಬಂದಿತ್ತಲ್ಲ, ಆ ಚುಕ್ಕೆ ಜ್ವರದಲ್ಲಿ ಏಳೋ ಹಂಗೇ. ರಜಾಯಿ ಹೊದಿಸಿ, ಕಣ್ಣು ಬಿಡಬೇಡಿ ಅಂತ ಹೇಳಿ ಬಾಗಿಲು ತೆಗೆದ್ಲು.

ದಂಡಿನ ಅಧಿಕಾರಿ, ಜೊತೇಲಿ ಊರಿನ ಭಾಷೆ ಬರೋ ಒಬ್ಬ ಆಳು. ಯಹೂದಿ ಹುಡುಗಿ ಇದಾಳಂತಲ್ಲ, ಎಲ್ಲಿ ಅಂದ್ರು. ಅಯ್ಯೋ ಸ್ವಾಮಿ, ನನ್ನ ತಂಗಿ ಮೊಮ್ಮಕ್ಕಳು, ಚುಕ್ಕೆ ಜ್ವರ ಬಂದು ಬಿದ್ದವೆ, ಬೆಳಕು ಕಂಡ್ರೆ ಆಗಲ್ಲ ಕಣ್ಣು ಮುಚ್ಕೋತವೆ, ಬನ್ನಿ ನೋಡಿ ಅಂತ ಪೆಲಾಗ್ಯ ರಜಾಯಿ ಎತ್ತಿದ್ಲಂತೆ. ಎತ್ತಿದ ಕೈಯನ್ನೇ ಚಾಚಿಕೊಂಡು, ಬನ್ನಿ ಸ್ವಾಮಿ ಅಂತ ಅಧಿಕಾರಿ ತೋಳು ಹಿಡಿಯೋಕೆ ಹೋದ್ಲಂತೆ. ಆ ಜ್ವರ ಅಂದ್ರೆ ದಂಡಿನೋರಿಗೆ ಬಂದೂಕಿಗಿಂತ ಹೆದರಿಕೆ, ಮುಟ್ಟಿದ್ರೆ ಅಂಟ್ಕೊಳ್ಳುತ್ತೆ. ಅವನು ಹೊಸಿಲಿಂದ ಹಿಂದಕ್ಕೆ ಹಾರಿದ. ಮಾಲ್ಕಾ ಮುಚ್ಚಿದ ಕಣ್ಣೊಳಗೇ ಅಂದ್ಕೊಂಡ್ಲಂತೆ, ಬದುಕಿದ್ವಿ.

ಆಗ ಅಧಿಕಾರಿ ಅವನ ಭಾಷೇಲಿ ಏನೋ ಹೇಳಿದ. ಅದು ಯಹೂದಿಗಳ ಮನೆಮಾತಿಗೆ ಹತ್ರದ ಭಾಷೆ, ಮಾಲ್ಕಾಗೆ ಅರ್ಥ ಆಗಿಹೋಯ್ತು. ಬಾಗಿಲಿಗೆ ಅಗಳಿ ಹಾಕಿ, ಒಳಗಿರೋರ ಸಮೇತ ಸುಡಿ ಅಂದನಂತೆ.

ಹೊರಗಿಂದ ಅಗಳಿ ಬಿತ್ತು. ಪೆಲಾಗ್ಯಾನೂ ಒಳಗೇ. ಹುಲ್ಲಿನ ಚಾವಣಿ, ಕೇಳ್ಬೇಕಾ, ಗಳಿಗೇಲಿ ಹೊತ್ಕೊಂಡಿತು. ಮಾಲ್ಕಾ ಎದ್ದು ನೆಲದ ಹಲಗೆ ಎತ್ತಿದ್ಲು, ಮೂರು ಜನಾನೂ ಗುಂಡಿಗೆ ಇಳಿದ್ರು. ಮೇಲೆ ಬೆಂಕಿ ಭುಸುಗುಡ್ತಿದೆ, ಹೊಗೆ ಕೆಳಕ್ಕೆ ಇಳೀತಿದೆ. ತೆವಳಿಕೊಂಡು ಜೌಗಿನ ಕಡೆ ಬಾಯಿಗೆ ಬಂದು ತಳ್ಳಿದ್ರೆ ಹಲಗೆ ಅಲ್ಲಾಡ್ಲಿಲ್ಲ. ಹಿಮದ ನೀರು ಕುಡಿದು ಮರ ಊದಿ ಬಿಗಿದಿತ್ತಂತೆ. ಮುದುಕಿ ತಳ್ಳಿದ್ಲು, ಆಗ್ಲಿಲ್ಲ. ಮಾಲ್ಕಾ ಕೈಲಿ ಗುದ್ದಿದ್ಲು, ಆಗ್ಲಿಲ್ಲ. ಕೊನೆಗೆ ಇಬ್ಬರೂ ಮಲಕ್ಕೊಂಡು, ಬೆನ್ನನ್ನ ಆಲೂಗಡ್ಡೆ ರಾಶಿಗೆ ಕೊಟ್ಟು, ನಾಲ್ಕೂ ಕಾಲಲ್ಲಿ ಒಟ್ಟಿಗೆ ಒದ್ದಾಗ ಹಲಗೆ ಸೀಳ್ಕೊಂಡು ಬಿತ್ತಂತೆ. ದಂಡಿನೋರು ಮುಂಬಾಗಿಲ ಕಡೆ, ನಡುವೆ ಹೊಗೆ, ಆ ಹೊಗೇನೇ ಇವರಿಗೆ ಪರದೆ ಆಯ್ತು. ಜೊಂಡಿನೊಳಗೆ ನುಗ್ಗಿ ಕುತ್ತಿಗೆವರೆಗೂ ತಣ್ಣನೆ ನೀರಲ್ಲಿ ಕೂತ್ರು. ಗಾಡಿ ವಾಪಸ್ ಹೋಗೋವರೆಗೂ ಅಲ್ಲಾಡ್ಲಿಲ್ಲ.

ಅಲ್ಲಿಂದ್ಲೇ ಪೆಲಾಗ್ಯ ತನ್ನ ಮನೆ ಕುಸಿದು ಬೀಳೋದು ನೋಡಿದ್ಲಂತೆ. ಮದುವೆಯಾಗಿ ಬಂದ ಮನೆ, ಗಂಡ ಸತ್ತ ಮನೆ. ಮಾಲ್ಕಾಗೆ ಮುಖ ಎತ್ತಿ ನೋಡೋಕಾಗ್ಲಿಲ್ಲ. ನಮ್ಮಿಂದ ಅಜ್ಜಿ ಅಂತ ಏನೋ ಹೇಳೋಕೆ ಹೋದ್ಲು. ಚಾವಣಿ ಹೆಂಗೂ ಸೋರ್ತಾ ಇತ್ತು, ನಡಿ ನಡಿ, ಕೂಸಿಗೆ ನೀರು ಥಂಡಿ ಅಂದ್ಲಂತೆ ಮುದುಕಿ.

ಜೌಗಿನ ನಡುವೆ ಒಂದು ದಿಬ್ಬ, ದಾರಿ ಪೆಲಾಗ್ಯಂಗೆ ಮಾತ್ರ ಗೊತ್ತು, ಕಾಲು ತಪ್ಪಿದ್ರೆ ಕೆಸರು ನುಂಗುತ್ತೆ. ಆ ಬೇಸಿಗೆಯೆಲ್ಲ ಅಲ್ಲಿ ಜೊಂಡಿನ ಗುಡಿಸಲಲ್ಲಿ ಕಳೆದ್ರಂತೆ. ಕಾಡುಹಣ್ಣು, ಮೀನು, ಜೊಂಡಿನ ಗೆಡ್ಡೆ, ಏನು ಸಿಕ್ಕಿದ್ರೆ ಅದು. ಸುಟ್ಟು ಸತ್ರು ಅಂತ ಊರೆಲ್ಲ ನಂಬಿತ್ತು, ಯಾರೂ ಹುಡುಕ್ಲಿಲ್ಲ. ಆದ್ರೂ ಒಂದು ಕೊಂಬೆ ಮುರಿದ ಸದ್ದಾದ್ರೆ ಮೂವರೂ ಉಸಿರು ಹಿಡ್ಕೊಳ್ಳೋರು. ಒಂದಿನ ದೂರದಲ್ಲಿ ಗುಡುಗು ಶುರುವಾಯ್ತು, ಮೋಡ ಇರ್ಲಿಲ್ಲ. ಫಿರಂಗಿ ಸದ್ದು ಅದು. ದಿನಗಟ್ಟಲೆ ಗುಡುಗಿ ಗುಡುಗಿ ನಿಂತುಹೋಯ್ತು. ಜರ್ಮನ್ ದಂಡು ಸೋತು ಓಡಿತ್ತಂತೆ.

ಊರೊಳಗೆ ಬಂದ್ರೆ ಜನ ದೆವ್ವ ಕಂಡಂಗೆ ಬಾಗಿಲು ಹಾಕ್ಕೊಂಡ್ರು. ಪೆಲಾಗ್ಯ ನೇರ ದಂಡಿನೋರಿಗೆ ಚಾಡಿ ಹೇಳಿದ್ದ ಆ ಹೆಂಗಸಿನ ಮನೆಗೆ ಹೋದ್ಲು. ಅವಳು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡು ಹಿಂದಕ್ಕೆ ಸರಿದ್ಲಂತೆ. ಇವಳು ಬಯ್ತಾಳೆ, ಹೊಡೀತಾಳೆ ಅಂತ ಮಾಲ್ಕಾ ಅಂದ್ಕೊಂಡ್ರೆ, ನನ್ನ ಜರಡಿ ಕೊಡು ಅಂದ್ಲಂತೆ ಪೆಲಾಗ್ಯ. ಇಸ್ಕೊಂಡು ಬಂದ್ಲು, ಅಷ್ಟೇ. ಆ ಹೆಂಗಸು ಆಮೇಲೆ ಇವಳು ಊರಲ್ಲಿರೋವರೆಗೂ ಇವಳ ಮುಖ ನೋಡ್ಲಿಲ್ಲವಂತೆ.

ಸುಟ್ಟ ಮನೆ ಪಕ್ಕದಲ್ಲಿ ಬೆಂಕಿಗೆ ಸಿಗದೆ ಉಳಿದಿದ್ದ ದನದ ಕೊಟ್ಟಿಗೇಲೇ ಮೂವರೂ ಇದ್ರು. ಹಂಗಿರೋವಾಗ ಒಬ್ಬ ಗಂಡಸು ಬಂದ, ಹರಕಲು ಸಿಪಾಯಿ ಕೋಟು, ಒಂದು ಕೈಗೆ ಬೆರಳಿಲ್ಲ. ಜೌಗಿನ ಹತ್ರ ಇಬ್ಬರು ಹುಡುಗೀರು ಉಳಿದಿದಾರಂತೆ ಅಂತ ಸಂತೇಲಿ ಕೇಳ್ಕೊಂಡು ಬಂದೋನು. ಅವನೇ ಹೇರ್ಷಲ್, ಸೋಸ್ಯಾನ ಗಂಡ. ಪೆರ್ಲಾನ ಆ ಜೋಳದ ರೇಷ್ಮೆ ಕೂದಲು ನೋಡಿದ್ದೇ ಗುರುತು ಹಿಡಿದು ಎರಡೂ ತೋಳು ಚಾಚಿದನಂತೆ. ಪೆರ್ಲಾಗೆ ಅಪ್ಪ ಅಂದ್ರೇನು ಗೊತ್ತು, ಮಾಲ್ಕಾನ ಲಂಗದ ಹಿಂದೆ ಬಚ್ಚಿಟ್ಕೊಂಡಿತು.

ಇಷ್ಟೆಲ್ಲ ದಾಟಿ ಬಂದ ಮಾಲ್ಕಾಗೆ ಆಗ ಆದ ಭಯ ಇದೆಯಲ್ಲ ಪುಟ್ಟಿ, ಅದು ಯಾವ ಬೂಟಿಗೂ ಆಗಿರ್ಲಿಲ್ಲವಂತೆ. ಇವಳ ಅಪ್ಪ ಬಂದ, ಇವಳನ್ನ ಕರ್ಕೊಂಡು ಹೋಗ್ತಾನೆ, ನಾನಿನ್ನು ಯಾರಿಗೆ ಏನು? ಪೆರ್ಲಾನ ಕೈ ಬಿಡಿಸಿ, ಇವಳು ನಿಮ್ಮ ಮಗಳು, ಕರ್ಕೊಂಡು ಹೋಗಿ ಅಂದ್ಲಂತೆ. ನೀನು ಯಾರಮ್ಮ ಅಂದ ಹೇರ್ಷಲ್. ನಾನು ಗಾಜಿನ ಏಲ್ಯಾನ ಮಗಳು. ಇವಳಿಗೇನಾಗಬೇಕು? ಮಾಲ್ಕಾ ತಲೆ ತಗ್ಗಿಸಿ ಹೇಳಿದ್ಲು, ಅಕ್ಕ. ಹೇರ್ಷಲ್ ಅವಳ ಎದುರಿಗೆ ಮಂಡಿಯೂರಿ ಕೂತ. ಆಮೇಲೆ, ಇವಳಿಗೆ ಅಕ್ಕ ಆದ್ರೆ ನನಗೆ ಏನಾಗಬೇಕು ಲೆಕ್ಕ ಹಾಕು ಅಂ‌ದನಂತೆ. ಮಾಲ್ಕಾ ಹತ್ತಿರ ಹೋಗಿ ಅವನ ಕೋಟಿಗೆ ಮುಖ ಒತ್ಕೊಂಡ್ಲು.

ಸಮುದ್ರದ ತೀರದ ಒಂದು ಪಟ್ಟಣದಲ್ಲಿ ಹೇರ್ಷಲ್‌ನ ಅಣ್ಣ ಇದ್ದ, ಅಲ್ಲಿಗೆ ಹೋಗೋದು ಅಂತ ಆಯ್ತು. ನೀವೂ ಬನ್ನಿ ಅಂದ್ರೆ ಪೆಲಾಗ್ಯ ಉರಿದುಬಿದ್ಲು. ಹೋಗ್ರಿ, ನಿಮ್ಮ ಕಾಟ ತಪ್ಪಿದ್ರೆ ನನಗೂ ನೆಮ್ಮದಿ, ಈ ವಯಸ್ಸಲ್ಲಿ ಊರು ಬಿಟ್ಟು ಬರ್ತೀನಾ ಅಂತ. ಹೊರಡೋ ದಿನ ಗಾಡಿ ಕಟ್ಟಿದ್ರು. ಗಾಡಿ ಹೊರಡ್ತು, ಹಿಂದೇನೇ ಮುದುಕಿ ಬಯ್ಕೊಂಡು ಬಂದ್ಲು, ಮೂಟೆ ಕಟ್ಟೋದು ಹಿಂಗಾ, ಬಿಚ್ಕೊಳ್ಳುತ್ತೆ ನೋಡು ಅಂತ. ಊರ ಬಾಗಿಲು ದಾಟ್ತು, ಬಯ್ತಾನೇ ಬಂದ್ಲು. ಎರಡು ಹೊಲ ದಾಟಿದ್ರು, ಕೂಸಿಗೆ ಕಿವಿ ಮುಚ್ಚಿಲ್ಲ, ಗಾಳಿ ಹೊಡೆಯುತ್ತೆ ಅಂತ ಬಯ್ತಾನೇ ಬಂದ್ಲು. ಹೇರ್ಷಲ್ ಗಾಡಿ ನಿಲ್ಲಿಸಿ, ಒಂಚೂರು ಪಕ್ಕಕ್ಕೆ ಸರ್ಕೊಂಡನಂತೆ. ಸೇತುವೆವರೆಗೆ ಮಾತ್ರ, ಮೂಟೆ ಬಿಚ್ಕೊಂಡ್ರೆ ಕಟ್ಟೋಕೆ ಒಬ್ಬರು ಬೇಕಲ್ಲ ಅಂತ ಪೆಲಾಗ್ಯ ಹತ್ತಿ ಕೂತ್ಲು.

ಸೇತುವೆ ಬಂತು, ಹೋಯ್ತು. ಅವಳೂ ಇಳೀಲಿಲ್ಲ, ಇವರೂ ಇಳಿ ಅನ್ಲಿಲ್ಲ. ಆ ಸಮುದ್ರದ ಪಟ್ಟಣದಲ್ಲಿ ಒಂದೇ ಮನೆ ಮಾಡ್ಕೊಂಡು, ಒಂದೇ ಒಲೆ ಹಚ್ಕೊಂಡು, ಮಕ್ಕಳು ಬೆಳೆದು ಅವರ ಮಕ್ಕಳನ್ನೂ ಪೆಲಾಗ್ಯ ಬಯ್ಯೋವರೆಗೂ ಎಲ್ಲರೂ ಚೆನ್ನಾಗಿ ಬಾಳಿದ್ರಂತೆ. ಅವರ ಗಾಡಿ ಮನೆ ಸೇರ್ತು, ನನ್ನ ಕತೆ ಇಲ್ಲಿಗೆ ಮುಗೀತು. ಪುಟ್ಟೀ... ಹೂಂ ಅನ್ನಲ್ವಾ? ಮಲಗ್ತಾ ನನ್ನ ಕೂಸು.